ಆಟ ಸರಾಗ, ವಿಡಿಯೊ ಕಪ್ಪೆ ನೆಗೆತ

"ಮಾಮ, ಲಾರಿ ಯಾಕೆ ಕಪ್ಪೆ ಥರ ಕುಪ್ಪಳಿಸ್ತಿದೆ?"

ಕೇಳಿದ್ದು ಅಕ್ಕನ ಮಗ, 8 ವರ್ಷದವನು. ಯೂರೋ ಟ್ರಕ್ ಸಿಮ್ಯುಲೇಟರ್ 2 ಅನ್ನುವ ಲಾರಿ ಓಡಿಸುವ ಕಂಪ್ಯೂಟರ್ ಆಟ ಆಡುತ್ತಾ, ಕನ್ನಡದಲ್ಲಿ ಮಾತಾಡುತ್ತಾ, ಫ್ರಾನ್ಸಿನ ಕ್ಯಾಲೆಯಿಂದ ಜರ್ಮನಿಯ ಡ್ಯೂಯಿಸ್ಬರ್ಗ್‌ಗೆ ಲೋಡ್ ಹೊಡೆದಿದ್ದೆ. ಅದನ್ನು ರೆಕಾರ್ಡ್ ಮಾಡಿ ಅವನಿಗೆ ತೋರಿಸಿದೆ. ಆಡುವಾಗ ಬೆಣ್ಣೆಯ ಹಾಗೆ ಹೋಗಿತ್ತು. ವಿಡಿಯೊದಲ್ಲಿ ಮಾತ್ರ ಲಾರಿ ಎರಡು ಮಾರು ಹೋಗಿ ನಿಂತು, ಮತ್ತೆ ಎಗರುತ್ತಿತ್ತು. ಆ ಎಗರಾಟ ನಿಲ್ಲಿಸೋಕೆ ನನಗೆ ಸುಮಾರು ಮೂರು ವಾರ ಹಿಡಿಯಿತು. ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಹುಡುಕೋದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ನಿಜವಾದ ಗುದ್ದಾಟ ಶುರುವಾಗಿದ್ದು ಆಮೇಲೆ.

ನನ್ನದು ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಜೋಡಿಸಿಕೊಂಡ ಸಾಧಾರಣ ಡೆಸ್ಕ್‌ಟಾಪ್. ಐ3-10100ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 60 ಹರ್ಟ್ಸ್ ಮಾನಿಟರ್. ಈಗ ಅದು ಶಿವಮೊಗ್ಗದ ನಮ್ಮ ಮನೆಯ ಮಹಡಿ ಕೋಣೆಯಲ್ಲಿದೆ. ಲಕ್ಷ ರೂಪಾಯಿಯ ಕಾರ್ಡ್ ಇದ್ದವರಿಗೆ ಈ ಬರಹದ ಅರ್ಧ ಬೇಕಾಗಲಿಕ್ಕಿಲ್ಲ.

ಮೊದಲು ಹಾಕಿಕೊಂಡಿದ್ದು ಯಾವುದೋ ಜಾಹೀರಾತು ನೋಡಿ ಇಳಿಸಿಕೊಂಡ ರೆಕಾರ್ಡರ್. ಹತ್ತು ನಿಮಿಷಕ್ಕೆ ತಾನೇ ನಿಂತಿತು. ವಿಡಿಯೊ ಮಧ್ಯೆ ಅದರ ಹೆಸರು ಅಡ್ಡಡ್ಡ ಬರೆದುಕೊಂಡಿತ್ತು. ಅಳಿಸಿದೆ. ಇನ್ನೊಂದು ಉಚಿತ ರೆಕಾರ್ಡರ್‌ನಲ್ಲಿ ಚಿತ್ರವೇನೋ ಚೆನ್ನಾಗಿ ಬಂತು, ಆದರೆ ಎಡಿಟ್ ಮಾಡೋಕೆ ಕೂತರೆ ಅರ್ಧ ಗಂಟೆಯ ಹೊತ್ತಿಗೆ ನನ್ನ ಮಾತು ಒಂದು ಕಡೆ, ಲಾರಿ ಒಂದು ಕಡೆ. ಕಾರಣ ಆಮೇಲೆ ಗೊತ್ತಾಯಿತು. ಅದು ಸೆಕೆಂಡಿಗೆ ಇಷ್ಟೇ ಫ್ರೇಮ್, ಅಂದರೆ ಇಷ್ಟೇ ಬಿಡಿ ಚಿತ್ರ ಅಂತ ನಿಗದಿ ಇಟ್ಟುಕೊಳ್ಳದೆ, ಆಟ ಕೊಟ್ಟಷ್ಟು ಹಿಡಿಯುತ್ತಿತ್ತು. ಒಮ್ಮೆ 58, ಒಮ್ಮೆ 43. ನೋಡೋಕೆ ಅಡ್ಡಿಯಿಲ್ಲ. ಎಷ್ಟೋ ಎಡಿಟಿಂಗ್ ಸಾಫ್ಟ್‌ವೇರ್‌ಗಳಿಗೆ ಮಾತ್ರ ಅದು ತಲೆನೋವು.

ವಿಂಡೋಸ್‌ನಲ್ಲೇ ಎಕ್ಸ್‌ಬಾಕ್ಸ್ ಗೇಮ್ ಬಾರ್ ಇದೆ. ವಿಂಡೋಸ್, ಆಲ್ಟ್, ಆರ್ ಮೂರೂ ಒತ್ತಿದರೆ ರೆಕಾರ್ಡಿಂಗ್ ಶುರು. ಎರಡು ನಿಮಿಷದ ತುಣುಕು ಗೆಳೆಯರಿಗೆ ಕಳಿಸೋಕೆ ಇದಕ್ಕಿಂತ ಸುಲಭದ್ದಿಲ್ಲ. ನನಗೆ ಮಾತು ಬೇರೆ, ಆಟದ ಶಬ್ದ ಬೇರೆ ಬೇಕಿತ್ತು. ಹಾಗಾಗಿ ಕೊನೆಗೆ ಒಬಿಎಸ್ ಸ್ಟುಡಿಯೊಗೆ ಬಂದೆ. 2012ರಿಂದ ಇರುವ ಸಾಫ್ಟ್‌ವೇರ್, ಪೂರ್ತಿ ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರದೇ ತಾಣದಿಂದ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ಮೊದಲ ಸಲ ತೆರೆದಾಗ ಕಪ್ಪು ಪರದೆ ಬಿಟ್ಟು ಏನೂ ಕಾಣೋದಿಲ್ಲ. ಗಾಬರಿ ಬೇಡ, ಏನನ್ನು ಹಿಡಿಯಬೇಕು ಅಂತ ನಾವು ಇನ್ನೂ ಹೇಳಿಲ್ಲ, ಅಷ್ಟೇ. ಕೆಳಗೆ ಸೋರ್ಸಸ್ ಅನ್ನುವ ಕಡೆ ಪ್ಲಸ್ ಗುರುತು ಒತ್ತಬೇಕು. ನಾನು ಡಿಸ್‌ಪ್ಲೇ ಕ್ಯಾಪ್ಚರ್ ಆರಿಸಿದೆ. ಇಡೀ ಪರದೆ ಬರುತ್ತದೆ, ಒಳ್ಳೇದೇ ಅಲ್ವಾ ಅಂತ. ಡ್ಯೂಯಿಸ್ಬರ್ಗ್ ಇನ್ನು 40 ಕಿಲೋಮೀಟರ್ ಇದೆ ಅನ್ನುವಾಗ, ವಿಡಿಯೊದ ಬಲ ಮೂಲೆಯಲ್ಲಿ ಅಮ್ಮನ ವಾಟ್ಸಾಪ್ ಸಂದೇಶ: "ಬರೋವಾಗ ಕೊತ್ತಂಬರಿ ಸೊಪ್ಪು ತಾ." ಆವತ್ತಿನಿಂದ ಗೇಮ್ ಕ್ಯಾಪ್ಚರ್. ಅದು ಆಟದ ಚಿತ್ರವನ್ನು ಮಾತ್ರ ನೇರವಾಗಿ ಎತ್ತಿಕೊಳ್ಳುತ್ತದೆ, ಬೇರೆ ಕಿಟಕಿಗಳ ಗೊಡವೆ ಇಲ್ಲ. ಅದರ ಮೋಡ್‌ನಲ್ಲಿ ನಿರ್ದಿಷ್ಟ ಕಿಟಕಿಯನ್ನು ಹಿಡಿಯುವ ಆಯ್ಕೆ ಇದೆ, ನಾನು ಲಾರಿ ಆಟವನ್ನು ಅಲ್ಲಿ ಕೂರಿಸಿದ್ದೇನೆ.

ಇಷ್ಟಾದ ಮೇಲೆ ಕುಪ್ಪಳಿಸುವ ವಿಷಯ.

ಮಾಡದೇ ಇರೋ ತಪ್ಪಿಲ್ಲ. ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುವ ಸಾಧನಕ್ಕೆ ಎನ್ಕೋಡರ್ ಅಂತಾರೆ. ಎಕ್ಸ್264 ಅನ್ನುವ ಎನ್ಕೋಡರ್ ಗುಣಮಟ್ಟದಲ್ಲಿ ಒಳ್ಳೇದು ಅಂತ ಎಲ್ಲೋ ಓದಿ, ಅದರ ಪ್ರಿಸೆಟ್ ಅನ್ನು, ಅಂದರೆ ಎಷ್ಟು ಶ್ರಮಪಟ್ಟು ಹಿಂಡಬೇಕು ಅನ್ನುವ ಮಟ್ಟವನ್ನು, ಮೀಡಿಯಂಗೆ ಇಟ್ಟೆ. ಎಕ್ಸ್264 ಕೆಲಸ ಮಾಡೋದು ಪ್ರೊಸೆಸರ್ ಮೇಲೆ. ನನ್ನದೋ 4 ಕೋರ್. ಆಟವನ್ನೂ ಅದೇ ಎಳೆಯಬೇಕು, ಎನ್ಕೋಡಿಂಗನ್ನೂ ಅದೇ ಮಾಡಬೇಕು. ಎನ್ಕೋಡರ್‌ಗೆ ಹೊರೆ ಜಾಸ್ತಿಯಾಗಿದೆ ಅಂತ ಒಬಿಎಸ್ ಕೆಳಗಡೆ ಕೂಗಿಕೊಳ್ಳೋಕೆ ಶುರು ಮಾಡಿತು. ಈ ಸಲ ವಿಡಿಯೊ ಒಂದೇ ಅಲ್ಲ, ಆಟವೂ ಕುಪ್ಪಳಿಸಿತು.

ಎನ್ಕೋಡಿಂಗ್ ಯಾಕೆ ಬೇಕು ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ನೋಡಿ. 1920 ಗುಣಿಸು 1080 ಚುಕ್ಕಿ, ಒಂದೊಂದಕ್ಕೆ 3 ಬೈಟ್, ಸೆಕೆಂಡಿಗೆ 60 ಸಲ. ಸುಮಾರು 373 ಎಂಬಿ ಆಯಿತು, ಒಂದೇ ಸೆಕೆಂಡಿಗೆ. ಅದನ್ನು ಹಿಂಡಿ 5 ಎಂಬಿಗೆ ಇಳಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು. ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 2012ರ ಕೆಪ್ಲರ್ ಪೀಳಿಗೆಯಿಂದ ಇದಕ್ಕೇ ಅಂತ ಬೇರೆ ಒಂದು ಭಾಗ ಇದೆ, ಎನ್‌ವೆಂಕ್. ಆಟದ ಚಿತ್ರ ಬಿಡಿಸುವ ಕೋರ್‌ಗಳನ್ನು ಅದು ಅಷ್ಟಾಗಿ ಮುಟ್ಟೋದಿಲ್ಲ. ಇಂಟೆಲ್‌ನಲ್ಲಿ ಕ್ವಿಕ್ ಸಿಂಕ್ ಇದೆ, ಎಎಂಡಿಯಲ್ಲೂ ಇಂಥದ್ದೇ ಇದೆ. ನನ್ನ ಪ್ರೊಸೆಸರ್‌ನ ಹೆಸರಿನ ಕೊನೆಯಲ್ಲಿ ಎಫ್ ಇದೆಯಲ್ಲ, ಹಾಗಂದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಕ್ವಿಕ್ ಸಿಂಕ್ ನನಗಿಲ್ಲ. ಸೆಟ್ಟಿಂಗ್ಸ್‌ನ ಔಟ್‌ಪುಟ್‌ಗೆ ಹೋಗಿ, ಮೋಡ್ ಅಡ್ವಾನ್ಸ್ಡ್ ಮಾಡಿ, ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಎನ್‌ವೆಂಕ್ ಎಚ್.264 ಹಾಕಿದೆ.

ಆಟ ಸರಿಹೋಯಿತು. ವಿಡಿಯೊ? ಮತ್ತೆ ಕಪ್ಪೆ.

ಇಲ್ಲಿ ನನ್ನ ಕಣ್ಣು ತೆರೆಸಿದ್ದು ಸ್ಟ್ಯಾಟ್ಸ್ ಅನ್ನುವ ಚಿಕ್ಕ ಕಿಟಕಿ. ಡಾಕ್ಸ್ ಮೆನುವಿನಲ್ಲಿದೆ. ಅದರಲ್ಲಿ ಎರಡು ಸಾಲು ಮುಖ್ಯ. ಒಂದು, ಎನ್ಕೋಡಿಂಗ್ ತಡವಾಗಿ ಬಿಟ್ಟುಹೋದ ಫ್ರೇಮ್‌ಗಳು. ಇನ್ನೊಂದು, ರೆಂಡರಿಂಗ್, ಅಂದರೆ ಚಿತ್ರ ಬಿಡಿಸೋದು, ತಡವಾಗಿ ತಪ್ಪಿದ ಫ್ರೇಮ್‌ಗಳು. ಮೊದಲನೆಯದು ಏರಿದರೆ ಎನ್ಕೋಡರ್‌ಗೆ ಸುಸ್ತು. ಎರಡನೆಯದು ಏರಿದರೆ ಗ್ರಾಫಿಕ್ಸ್ ಕಾರ್ಡ್‌ಗೆ ಪುರುಸೊತ್ತಿಲ್ಲ. ನನ್ನದರಲ್ಲಿ ಮೊದಲನೆಯದು ಸೊನ್ನೆ, ಎರಡನೆಯದು ಶೇಕಡಾ 11. ನೂರು ಫ್ರೇಮ್‌ನಲ್ಲಿ ಹನ್ನೊಂದು ಮಾಯ. ಹುಡುಗ ಹೇಳಿದ್ದು ಸರಿ.

ಎನ್ಕೋಡಿಂಗ್ ಭಾಗ ಬೇರೆ ಇದ್ದರೂ, ಚಿತ್ರವನ್ನು ಎತ್ತಿಕೊಂಡು ಜೋಡಿಸಿ ಅದರ ಕೈಗೆ ಕೊಡುವ ಕೆಲಸವನ್ನು ಒಬಿಎಸ್ ಮಾಡೋದು ಗ್ರಾಫಿಕ್ಸ್ ಕಾರ್ಡ್‌ನಲ್ಲೇ. ಒಂದು ಫ್ರೇಮ್‌ಗೆ ಸಿಗುವ ಹೊತ್ತು 16.7 ಮಿಲಿಸೆಕೆಂಡ್. ಮದುವೆ ಊಟದಲ್ಲಿ ಬಡಿಸುವವನು ಒಬ್ಬನೇ ಇದ್ದು, ಮೊದಲ ಪಂಕ್ತಿಯವರೇ ಸಾರು ಸಾರು ಅಂತ ಕರೆಯುತ್ತಿದ್ದರೆ ಕೊನೆಯ ಪಂಕ್ತಿಯ ಎಲೆ ಖಾಲಿ ತಾನೇ? ನನ್ನ ಆಟ ಸೆಕೆಂಡಿಗೆ 85, 90 ಫ್ರೇಮ್ ಬಿಡಿಸುತ್ತಾ ಕಾರ್ಡನ್ನು ಶೇಕಡಾ 98ರಲ್ಲಿ ದುಡಿಸುತ್ತಿತ್ತು. ಮಾನಿಟರ್ ತೋರಿಸೋದು 60 ಮಾತ್ರ. ಮಿಕ್ಕಿದ್ದು ಸುಮ್ನೆ ದಂಡ. ಇನ್ನೊಂದು ಸೂಕ್ಷ್ಮವೂ ಇದೆ: 85ರಲ್ಲಿ 60 ಹಿಡಿದರೆ ಸಮ ಅಂತರದಲ್ಲಿ ಸಿಗೋದಿಲ್ಲ. ಹಾಗಾಗಿ ಒಂದೂ ಫ್ರೇಮ್ ತಪ್ಪದಿದ್ದರೂ ಚಲನೆಯಲ್ಲಿ ಸಣ್ಣ ನಡುಕ ಉಳಿಯುತ್ತದೆ.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಆ ಆಟಕ್ಕೆ ಮಾತ್ರ ಗರಿಷ್ಠ ಫ್ರೇಮ್ ರೇಟ್ 60 ಅಂತ ಕಟ್ಟಿಹಾಕಿದೆ. ಆಟದ ಸೆಟ್ಟಿಂಗ್‌ನಲ್ಲಿ ಲಾರಿಯ ಕನ್ನಡಿಗಳ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದೆ. ಲಾರಿ ಆಟದಲ್ಲಿ ಕನ್ನಡಿ ಅಂದರೆ ಇನ್ನೊಂದು ಸಲ ಊರನ್ನೇ ಬಿಡಿಸಿದ ಹಾಗೆ. ಕಾರ್ಡ್ ಮೇಲಿನ ಹೊರೆ ಶೇಕಡಾ 75ರ ಆಸುಪಾಸಿಗೆ ಇಳಿಯಿತು. ಒಬಿಎಸ್ ಅನ್ನು ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುವ ಅಭ್ಯಾಸ ಮಾಡಿಕೊಂಡೆ. ಹಾಗೆ ತೆರೆದರೆ ಕಾರ್ಡ್‌ನ ಸರದಿಯಲ್ಲಿ ಅದಕ್ಕೆ ಆದ್ಯತೆ ಸಿಗುತ್ತದೆ. ತಪ್ಪಿದ ಫ್ರೇಮ್ 11ರಿಂದ 0.2ಕ್ಕೆ ಬಂತು.

ನಂಬಿಕೆ ಬರಲಿಲ್ಲ. ಎರಡು ನಿಮಿಷ ರೆಕಾರ್ಡ್ ಮಾಡಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್‌ನಲ್ಲಿ ಹಾಕಿದೆ. ಅದರಲ್ಲಿ ಇ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ರಸ್ತೆ ಮಧ್ಯದ ಬಿಳಿ ಪಟ್ಟಿಯನ್ನೇ ನೋಡುತ್ತಾ ಒತ್ತಿದೆ. ಹಳೆಯ ವಿಡಿಯೊದಲ್ಲಿ ಪಟ್ಟಿ ಒಂದು ಗೇಣು, ಒಂದು ಗೇಣು, ನಿಂತಲ್ಲೇ, ಆಮೇಲೆ ಎರಡು ಗೇಣು. ಹೊಸದರಲ್ಲಿ ಒಂದೊಂದು ಒತ್ತಿಗೂ ಒಂದೊಂದೇ ಗೇಣು. ಆ ರಾತ್ರಿ ಕೀಲಿ ಒತ್ತುತ್ತಾ ಕೂತ ಖುಷಿ ಆಟ ಆಡುವಾಗಲೂ ಸಿಕ್ಕಿರಲಿಲ್ಲ!

ಉಳಿದ ಸೆಟ್ಟಿಂಗ್‌ಗಳು ಬೇಗ ಹೇಳುತ್ತೇನೆ. ರೇಟ್ ಕಂಟ್ರೋಲ್, ಅಂದರೆ ಸೆಕೆಂಡಿಗೆ ಎಷ್ಟು ಜಾಗ ಕೊಡಬೇಕು ಅನ್ನುವ ಲೆಕ್ಕ, ಸಿಕ್ಯೂಪಿ. ಸೆಕೆಂಡಿಗೆ ಇಷ್ಟೇ ಅಂತ ಕಟ್ಟಿಟ್ಟ ಸಿಬಿಆರ್ ಲೈವ್‌ಗೆ ಸರಿ, ರೆಕಾರ್ಡಿಂಗ್‌ಗೆ ಸುಮ್ನೆ ಜಾಗ ತಿನ್ನುತ್ತದೆ, ಇಲ್ಲಾ ಮರಗಿಡ ಜಾಸ್ತಿ ಇರುವಲ್ಲಿ ಚಿತ್ರ ಕಲಸಿಹೋಗುತ್ತದೆ. ಸಿಕ್ಯೂಪಿಯಲ್ಲಿ ಅಂಕಿ ಇಳಿದಷ್ಟೂ ಚಿತ್ರ ಚೆಂದ, ಫೈಲ್ ದಪ್ಪ. 20 ಇಟ್ಟಾಗ ಹತ್ತು ನಿಮಿಷಕ್ಕೆ ನನಗೆ ಸುಮಾರು 3 ಜಿಬಿ ಬಂತು, 23 ಇಟ್ಟಾಗ 2 ಜಿಬಿ. ಅಕ್ಕನ ಮಗನಿಗೂ ನನಗೂ ವ್ಯತ್ಯಾಸ ಕಾಣಲಿಲ್ಲ, 23ರಲ್ಲೇ ಇದ್ದೇನೆ. ಪ್ರಿಸೆಟ್ ಪಿ5. ಲುಕ್ ಅಹೆಡ್, ಸೈಕೋ ವಿಶುವಲ್ ಟ್ಯೂನಿಂಗ್ ಎರಡನ್ನೂ ಆಫ್ ಮಾಡಿದ್ದೇನೆ. ಹೆಸರು ಕೇಳೋಕೆ ಭಾರಿ, ಆದರೆ ಅವು ಕಾರ್ಡ್‌ನ ಕೋರ್‌ಗಳಲ್ಲೇ ಪಾಲು ಕೇಳುತ್ತವೆ. ಅದೇ ತಾನೇ ನಮ್ಮಲ್ಲಿ ಇಲ್ಲದ್ದು. ಆಟ ಎಸ್‌ಎಸ್‌ಡಿಯಲ್ಲಿ, ರೆಕಾರ್ಡಿಂಗ್ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ. ಸೆಕೆಂಡಿಗೆ ಮೂರ್ನಾಲ್ಕು ಎಂಬಿ ಬರೆಯೋದು ಅದಕ್ಕೆ ಕಷ್ಟವಲ್ಲ. ಆಟ ಓದೋದು, ವಿಡಿಯೊ ಬರೆಯೋದು ಎರಡೂ ಅದರ ಮೇಲೇ ಬಿದ್ದರೆ ಮಾತ್ರ ಒದ್ದಾಡುತ್ತದೆ. ಕಾರ್ಡ್ ಇನ್ನೂ ಹಳೆಯದಾಗಿದ್ದರೆ ವಿಡಿಯೊವನ್ನು 30ಕ್ಕೆ ಇಡಿ. ತಪ್ಪುತಪ್ಪಾಗಿ 60 ಬರೋದಕ್ಕಿಂತ ಸಮನಾಗಿ 30 ಬಂದರೆ ಕಣ್ಣಿಗೆ ಹಿತ.

ಫೈಲ್‌ನ ಬಗೆ ಮಾತ್ರ ಬೇಗ ಹೇಳಿ ಮುಗಿಸುವಂಥದ್ದಲ್ಲ. ಜುಲೈ ತಿಂಗಳು, ನಮ್ಮ ಕಡೆಯ ಮಳೆ ಗೊತ್ತಲ್ಲ. 50 ನಿಮಿಷ ಒಂದೇ ಸಮ ಓಡಿಸಿ, ಆಲ್ಪ್ಸ್ ದಾಟಿ, ಮಾತೂ ಒಳ್ಳೆಯ ಲಯಕ್ಕೆ ಬಂದಿತ್ತು. ಟಪ್ ಅಂತ ಕರೆಂಟ್ ಹೋಯಿತು. ಯುಪಿಎಸ್ ಇಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಎಂಪಿ4 ಫೈಲ್ ಇದೆ, 10 ಜಿಬಿ ಅಂತ ತೋರಿಸುತ್ತದೆ, ಯಾವ ಪ್ಲೇಯರ್‌ನಲ್ಲೂ ತೆರೆಯೋದಿಲ್ಲ. ಮಾಮೂಲಿ ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪರಿವಿಡಿಯನ್ನು ಬರೆಯೋದು ರೆಕಾರ್ಡಿಂಗ್ ನಿಲ್ಲಿಸಿದಾಗ. ಆ ಹಾಳೆ ಬರೆಯೋ ಮುಂಚೆ ಕರೆಂಟ್ ಹೋದರೆ ಮಿಕ್ಕಿದ್ದೆಲ್ಲ ಇದ್ದೂ ಇಲ್ಲದ ಹಾಗೆ. ಎಂಕೆವಿ ಅನ್ನುವ ಇನ್ನೊಂದು ಬಗೆಯ ಫೈಲ್ ಹಾಗಲ್ಲ, ಎಲ್ಲಿವರೆಗೆ ಬರೆದಿತ್ತೋ ಅಲ್ಲಿವರೆಗೆ ಓಡುತ್ತದೆ. ಈಗ ಎಂಕೆವಿಯಲ್ಲೇ ರೆಕಾರ್ಡ್. ಎಡಿಟಿಂಗ್‌ಗೆ ಬೇಕಾದಾಗ ಫೈಲ್ ಮೆನುವಿನ ರೀಮಕ್ಸ್ ಬಳಸಿ ಎಂಪಿ4 ಮಾಡುತ್ತೇನೆ. ಚಿತ್ರವನ್ನು ಮತ್ತೆ ಹಿಂಡುವ ಕೆಲಸ ಇಲ್ಲ, ಡಬ್ಬಿ ಮಾತ್ರ ಬದಲಾಗೋದು, ಹಾಗಾಗಿ ಬೇಗ ಮುಗಿಯುತ್ತದೆ. ಒಬಿಎಸ್‌ನ ಹೊಸ ಆವೃತ್ತಿಗಳಲ್ಲಿ ಹೀಗೆ ಕೆಡದ ಹೈಬ್ರಿಡ್ ಎಂಪಿ4 ಬಂದಿದೆ. ನಾನು ಎಂಕೆವಿ ಬಿಟ್ಟಿಲ್ಲ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ, ಹಾಗೆ.

ಗೆಳೆಯನೊಬ್ಬ ಇದೆಲ್ಲ ತನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿ ಕಪ್ಪು ಪರದೆ ಬರ್ತಿದೆ ಮಾರಾಯಾ ಅಂತ ಫೋನ್ ಮಾಡಿದ. ಲ್ಯಾಪ್‌ಟಾಪ್‌ನಲ್ಲಿ ಎಷ್ಟೋ ಸಲ ಎರಡು ಗ್ರಾಫಿಕ್ಸ್ ಇರುತ್ತವೆ, ಆಟ ಒಂದರಲ್ಲಿ, ಒಬಿಎಸ್ ಇನ್ನೊಂದರಲ್ಲಿ. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಒಳಗೆ ಗ್ರಾಫಿಕ್ಸ್‌ಗೆ ಹೋಗಿ ಎರಡನ್ನೂ ಹೈ ಪರ್ಫಾರ್ಮೆನ್ಸ್‌ಗೆ ಹಾಕಿಸಿದೆ. ಬಂತು. ಚಾರ್ಜರ್ ಹಾಕದೆ ರೆಕಾರ್ಡ್ ಮಾಡಬೇಡ ಅಂತಲೂ ಹೇಳಿದೆ. ಬ್ಯಾಟರಿಯಲ್ಲಿ ಕಾರ್ಡ್ ಅರೆಮನಸ್ಸಿನಲ್ಲಿ ಕೆಲಸ ಮಾಡುತ್ತದೆ.

ಶಬ್ದದಲ್ಲಿ ಒಂದೇ ಮಾತು ಗಟ್ಟಿಯಾಗಿ ಹೇಳಬೇಕು. ಎಲ್ಲವನ್ನೂ ಒಂದೇ ಟ್ರ್ಯಾಕ್‌ಗೆ ಸುರಿಯಬೇಡಿ. ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ನಾನು ಮೈಕ್ ಅನ್ನು 2ನೇ ಟ್ರ್ಯಾಕ್‌ಗೆ, ಆಟವನ್ನು 3ಕ್ಕೆ ಹಾಕಿ, ಔಟ್‌ಪುಟ್‌ನಲ್ಲಿ ಆ ಎರಡಕ್ಕೂ ಟಿಕ್ ಮಾಡಿದ್ದೇನೆ. ಮೈಕ್‌ಗೆ ನಾಯ್ಸ್ ಸಪ್ರೆಶನ್ ಫಿಲ್ಟರ್, ಅದರಲ್ಲಿ ಆರ್‌ಎನ್‌ನಾಯ್ಸ್. ತಲೆ ಮೇಲಿನ ಫ್ಯಾನ್ ಸದ್ದನ್ನು ಅದು ಚೊಕ್ಕವಾಗಿ ಒರೆಸಿಹಾಕುತ್ತದೆ. ಕುಕ್ಕರ್ ಸೀಟಿಗೆ ಅದರ ಹತ್ತಿರ ಮದ್ದಿಲ್ಲ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಬೇಡ, ಮೈಕ್ ಆನ್ ಆದ ಕೂಡಲೇ ಅದರ ದನಿ ಹಳೆಯ ಲ್ಯಾಂಡ್‌ಲೈನ್ ಥರ ಆಗುತ್ತದೆ. ತಂತಿಯದೇ ಇರಲಿ.

ಹೋದ ವಾರ ಹೊಸ ವಿಡಿಯೊ ಹಾಕಿ ಅಕ್ಕನ ಮಗನನ್ನು ಮುಂದೆ ಕೂರಿಸಿದೆ. ಐದು ನಿಮಿಷ ಕಣ್ಣು ಮಿಟುಕಿಸದೆ ನೋಡಿದ. ಕಪ್ಪೆಯ ಸುದ್ದಿ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಮಾಮ, ಬರೀ ನೀನೇ ಮಾತಾಡ್ತೀಯ, ಹಾರ್ನೇ ಕೇಳಿಸ್ತಿಲ್ಲ!"

3ನೇ ಟ್ರ್ಯಾಕ್ ತೆರೆದು ಸ್ವಲ್ಪ ಏರಿಸಿದೆ.