ನಂದಿಬೆಟ್ಟದಿಂದ ಮೈದನಹಳ್ಳಿವರೆಗೆ: ಕ್ಯಾಮೆರಾ ಬಿಟ್ಟು ಮೊಬೈಲ್‌ನಲ್ಲೇ ಪ್ರವಾಸದ ಫೋಟೊ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಡೆ ಸುತ್ತಾಡಲು ಹೊರಟವರಿಗೆ ಬೆಟ್ಟ, ಗುಡಿ, ಕಲ್ಯಾಣಿಗಳನ್ನು ಚೆನ್ನಾಗಿ ಹಿಡಿಯಲು ಮೊಬೈಲ್ ಸಾಕು. ಅದು ಸೋಲುವುದು ಮುಖ್ಯವಾಗಿ ಎರಡು ಕಡೆ: ಬೆಳಕಿನ ಅಳತೆ ತಪ್ಪಿದಾಗ, ದೂರದ್ದನ್ನು ಎಳೆದು ಹತ್ತಿರ ತರಲು ಹೋದಾಗ. ಬೆಳಕನ್ನು ನೀವೇ ಸರಿಮಾಡಬಹುದು. ದೂರಕ್ಕೆ ಕಾಲು ನಡೆಸಬೇಕು.

ಹೊರಡುವ ಹಿಂದಿನ ರಾತ್ರಿ ಕನಿಷ್ಠ 10 ಜಿಬಿ ಜಾಗ ಖಾಲಿ ಮಾಡಿಕೊಳ್ಳಿ. 4ಕೆ ವಿಡಿಯೊ ಒಂದೇ ನಿಮಿಷಕ್ಕೆ ಸುಮಾರು 200ರಿಂದ 400 ಎಂಬಿ ನುಂಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಹಳೆಯ ಮೆತ್ತನೆಯ ಹತ್ತಿಬಟ್ಟೆಯ ತುಂಡೊಂದು ಜೇಬಿನಲ್ಲಿರಲಿ. ಬೆರಳಿನ ಜಿಡ್ಡು ಹತ್ತಿದ ಲೆನ್ಸ್‌ನಲ್ಲಿ ಸೂರ್ಯನ ಸುತ್ತ ಬಿಳಿ ಮಸುಕು ಹರಡುತ್ತದೆ, ಅದನ್ನು ಆಮೇಲೆ ಎಡಿಟ್ ಮಾಡಿ ತೆಗೆಯುವುದು ಕಷ್ಟ.

1,478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ ಬೆಳಗಿನ ಮಂಜಿನ ಹನಿ ಲೆನ್ಸ್ ಮೇಲೆ ಕೂರುತ್ತಲೇ ಇರುತ್ತದೆ. ನಾಲ್ಕೈದು ಫೋಟೊಗೊಮ್ಮೆ ಒರೆಸಿ. ಇನ್ನೊಂದು ತೊಂದರೆ ಬಣ್ಣದ್ದು. ಕಂಡದ್ದನ್ನೆಲ್ಲ ನಡುಮಟ್ಟದ ಬೂದುಬಣ್ಣಕ್ಕೆ ತರುವಂತೆ ಮೊಬೈಲ್ ಬೆಳಕನ್ನು ಅಳೆಯುತ್ತದೆ, ಹಾಗಾಗಿ ಬೆಳ್ಳಗಿನ ಮಂಜು ಫೋಟೊದಲ್ಲಿ ಕೊಳೆಯಾದ ಬೂದಿಯಂತೆ ಬರುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಸ್ವಲ್ಪ ಜಾರಿಸಿ. ಅಂಕಿ ತೋರಿಸುವ ಮೊಬೈಲ್ ಆದರೆ +0.3ರಿಂದ +0.7. ಸೂರ್ಯ ಮೂಡಿದೊಡನೆ ಲೆಕ್ಕ ತಿರುಗುಮುರುಗು: ಸೂರ್ಯನ ಪಕ್ಕದ ಆಕಾಶವನ್ನು ಮುಟ್ಟಿ, −0.7ರವರೆಗೆ ಇಳಿಸಿ. ಇಳಿಸದಿದ್ದರೆ ಕಿತ್ತಳೆ ಬಣ್ಣವೆಲ್ಲ ಸುಟ್ಟು ಬಿಳಿ ಚುಕ್ಕೆಯಷ್ಟೇ ಉಳಿಯುತ್ತದೆ. ಕತ್ತಲಾದ ಭಾಗವನ್ನು ಆಮೇಲೆ ಎತ್ತಬಹುದು. ಸುಟ್ಟ ಬಿಳುಪಿನಿಂದ ಏನೂ ವಾಪಸ್ ಬರುವುದಿಲ್ಲ. ಕೋತಿಗಳ ಕಾಟವಿದೆ, ಮೊಬೈಲ್‌ಗೆ ಮಣಿಕಟ್ಟಿನ ದಾರ ಕಟ್ಟಿಕೊಳ್ಳಿ.

ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಗೆ ಬೇರೆಯೇ ತಾಳ್ಮೆ ಬೇಕು. ಕಲ್ಯಾಣಮಂಟಪದ ಕಪ್ಪುಕಲ್ಲಿನ ಕಂಬಗಳು ನೆರಳಲ್ಲಿ, ಹಿಂದಿನ ಅಂಗಳ ಉರಿಬಿಸಿಲಲ್ಲಿ. ಬೆಳಕು, ನೆರಳು ಎರಡನ್ನೂ ಹೊಂದಿಸುವ ಎಚ್‌ಡಿಆರ್‌ ಕೂಡ ಇಷ್ಟು ಅಂತರವನ್ನು ಪೂರ್ತಿ ತುಂಬಲಾರದು. ಅಂಗಳ ಫ್ರೇಮಿನಲ್ಲಿ ಕಾಣದಂತೆ ಪಕ್ಕಕ್ಕೆ ಸರಿದು ನಿಲ್ಲಿ. ಫ್ಲ್ಯಾಶ್ ಬೇಡವೇ ಬೇಡ, ಕೆತ್ತನೆಯ ಆಳವೆಲ್ಲ ಚಪ್ಪಟೆಯಾಗುತ್ತದೆ. ಓರೆಯಾಗಿ ಬೀಳುವ ಬೆಳಕೇ ಕೆತ್ತನೆಯನ್ನು ಎತ್ತಿ ತೋರಿಸುವುದು. ತೀರಾ ಕತ್ತಲಿದ್ದರೆ ನೈಟ್ ಮೋಡ್ ಹಾಕಿ, ಮೊಬೈಲನ್ನು ಕಟ್ಟೆಯ ಮೇಲೆ ಊರಿ, 3 ಸೆಕೆಂಡ್ ಟೈಮರ್ ಇಡಿ. ಗುಂಡಿ ಒತ್ತುವ ಬೆರಳಿನ ಅಲುಗಾಟವೂ ತಪ್ಪುತ್ತದೆ. ಗರ್ಭಗುಡಿಯ ಕಡೆ ಮೊಬೈಲ್ ಎತ್ತುವ ಮೊದಲು ಅರ್ಚಕರನ್ನು ಕೇಳಿ.

ಜಾಗ ಇಕ್ಕಟ್ಟೆಂದು ಅಗಲ ನೋಟದ 0.5x ಒತ್ತುವ ಅಭ್ಯಾಸ ಎಲ್ಲರಿಗೂ ಇದೆ. ಮೊಬೈಲ್ ಮೇಲಕ್ಕೆ ವಾಲಿದರೆ ಕಂಬಗಳು ಒಳಕ್ಕೆ ಬಾಗುತ್ತವೆ, ಅಂಚಿನಲ್ಲಿ ನಿಂತವರ ಮುಖ ಅಗಲವಾಗುತ್ತದೆ. ಮೊಬೈಲನ್ನು ಗೋಡೆಗೆ ಸಮನಾಗಿ ನೇರ ಹಿಡಿಯಿರಿ, ಜನರನ್ನು ನಡುವೆ ನಿಲ್ಲಿಸಿ. ಕೋಲಾರದ ಕೋಟಿಲಿಂಗೇಶ್ವರದ 108 ಅಡಿ ಲಿಂಗಕ್ಕೂ ಇದೇ ಮಾತು: ಬುಡದಲ್ಲಿ ನಿಂತು ಕತ್ತೆತ್ತಿ ತೆಗೆದರೆ ಅದು ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಸಾಕಷ್ಟು ಹಿಂದೆ ಸರಿದು 2xನಲ್ಲಿ ತೆಗೆಯಿರಿ.

ಇನ್ನು ಜೂಮ್. ಮೊಬೈಲ್‌ನಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಪ್ರತ್ಯೇಕ ಟೆಲಿ ಲೆನ್ಸ್ ಇಲ್ಲದಿದ್ದರೆ ಜೂಮ್ ಎಂದರೆ ಫೋಟೊ ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. 12 ಮೆಗಾಪಿಕ್ಸೆಲ್ ಫೋಟೊವನ್ನು 4x ಎಳೆದರೆ ನಿಜವಾಗಿ ಉಳಿಯುವುದು 0.75 ಮೆಗಾಪಿಕ್ಸೆಲ್. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಲ್ಲಿ ಕೃಷ್ಣಮೃಗದ ಕೊಂಬಿನ ಸುರುಳಿ ಬೇಕೆಂದರೆ ಉದ್ದ ಲೆನ್ಸಿನ ಕ್ಯಾಮೆರಾವೇ ಬೇಕು. ಮೊಬೈಲಿದ್ದವರು ಹಿಂಡನ್ನು ಚಿಕ್ಕದಾಗಿಯೇ ಬಿಟ್ಟು, ಹುಲ್ಲು, ಆಕಾಶಗಳನ್ನು ತುಂಬಿಕೊಳ್ಳಲಿ. ಹತ್ತಿರ ಹೋಗಿ ಅವುಗಳನ್ನು ಓಡಿಸುವುದು ತಪ್ಪು.

ಮಧುಗಿರಿ ಬೆಟ್ಟದ ಬಂಡೆ ಮಧ್ಯಾಹ್ನ ಕಾದ ಹೆಂಚು. ಮೊಬೈಲ್ ಬಿಸಿಯಾದರೆ ಪರದೆ ತಾನೇ ಮಂಕಾಗುತ್ತದೆ, ಕ್ಯಾಮೆರಾ ನಿಲ್ಲಬಹುದು. ನೆರಳಲ್ಲಿಟ್ಟು ತಣಿಯಲು ಬಿಡಿ. ಸಿಗ್ನಲ್ ಸಿಗದ ಕಡೆ ಏರೋಪ್ಲೇನ್ ಮೋಡ್ ಹಾಕಿದರೆ ಚಾರ್ಜ್ ಉಳಿಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ 5,000 ಎಂಎಎಚ್ ಬ್ಯಾಟರಿಯ ಮೊಬೈಲನ್ನು ಎರಡು ಸಲ ತುಂಬಿಸುವುದಿಲ್ಲ. ಶಕ್ತಿ ನಷ್ಟ ಕಳೆದು ಒಂದೂಕಾಲು ಸಲ ಎಂದು ಲೆಕ್ಕ ಹಾಕಿ.

ಮನೆಗೆ ಬಂದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗಿಹೋಗುತ್ತದೆ, ಅದನ್ನು ಪ್ರಿಂಟ್ ಹಾಕಿಸಿದರೆ ಕಲ್ಲಿನ ಗೆರೆಗಳು ಕಲಸಿದಂತೆ ಕಾಣುತ್ತವೆ.