ಅಡಿಕೆ ಸುಲಿಯುವ ಚಪ್ಪರದಲ್ಲಿ ಕಲಿತ ಕ್ಯಾಮೆರಾ ಮತ್ತು ಸಂಕಲನ

ಕಥೆ ಬರೆದು, ಸ್ನೇಹಿತರನ್ನೇ ನಟರನ್ನಾಗಿಸಿ, ಒಂದೆರಡು ದಿನಗಳಲ್ಲಿ ಎಲ್ಲವನ್ನೂ ಚಿತ್ರೀಕರಿಸಿ, ಆಮೇಲೆ ತಿಂಗಳುಗಟ್ಟಲೆ ಅದನ್ನು ಜೋಡಿಸುತ್ತ ಕೂರುವುದು ವಿದ್ಯಾರ್ಥಿಗಳ ಕಿರುಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮ. ಪದವಿಯ ಕೊನೆಯ ವರ್ಷದ ಚಿತ್ರಕ್ಕೆ ನಾನು ಬೇರೆ ದಾರಿಯನ್ನು ಆರಿಸಿಕೊಂಡೆ. ಸಾಗರ ತಾಲ್ಲೂಕಿನ ನಮ್ಮ ನೆಂಟರ ಮನೆಯಲ್ಲಿ ಕೊನೆಕೊಯ್ಲಿನ ಕಾಲದಲ್ಲಿ ನಡೆಯುವ ಅಡಿಕೆ ಸುಲಿಯುವ ಕೆಲಸವನ್ನು ವಸ್ತುವಾಗಿಟ್ಟುಕೊಂಡು, ಸಂಜೆ ಚಿತ್ರೀಕರಿಸಿದ್ದನ್ನು ಅದೇ ರಾತ್ರಿ ಜೋಡಿಸಿ ನೋಡುವುದು, ಆ ಜೋಡಣೆಯಲ್ಲಿ ಏನು ಇಲ್ಲವೆಂದು ಕಾಣುತ್ತದೆಯೋ ಅದನ್ನು ಮರುದಿನ ಚಿತ್ರೀಕರಿಸುವುದು ಎಂದು ನಿಶ್ಚಯಿಸಿದೆ. ಕ್ಯಾಮೆರಾದ ಬಗ್ಗೆ ನನಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಈ ರಾತ್ರಿಯ ಸಂಕಲನವೇ.

ಈ ಕ್ರಮ ಸಾಧ್ಯವಾದದ್ದು ಆ ಕೆಲಸದ ಸ್ವಭಾವದಿಂದ. ಸುಲಿಯುವವರು ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಿಂದ ಅದುಮಿ ಹಿಡಿದು ಕುಳಿತು, ರಾಶಿಯಿಂದ ಕಾಯಿ ಎತ್ತಿ, ಕತ್ತಿಯ ಬಾಯಿಗೆ ಒತ್ತಿ, ಸಿಪ್ಪೆ ಬಿಡಿಸಿ, ಬೇಳೆಯನ್ನು ಬುಟ್ಟಿಗೆ ಹಾಕುತ್ತಾರೆ. ಪಳಗಿದ ಕೈಗೆ ಇದು ಕೆಲವೇ ಕ್ಷಣಗಳ ಕೆಲಸ. ಅದೇ ಚಲನೆ ರಾತ್ರಿಯಿಡೀ, ವಾರಗಟ್ಟಲೆ ಮರುಕಳಿಸುತ್ತದೆ. ನಟನೆ ಬಾರದವರನ್ನು ‘ಇನ್ನೊಮ್ಮೆ ಮಾಡಿ’ ಎಂದು ಕೇಳಿದ ಕೂಡಲೇ ಅವರ ಮೈ ಬಿಗಿಯಾಗುತ್ತದೆ, ಕಣ್ಣು ಕ್ಯಾಮೆರಾದತ್ತ ಹೊರಳುತ್ತದೆ. ಇಲ್ಲಿ ಯಾರನ್ನೂ ಹಾಗೆ ಕೇಳುವ ಅಗತ್ಯವಿರಲಿಲ್ಲ. ಒಂದು ಕೋನದಿಂದ ಚಿತ್ರೀಕರಿಸಿದ ಕೈಯನ್ನು ಇನ್ನೊಂದು ಕೋನದಿಂದ ಮರುದಿನ ಚಿತ್ರೀಕರಿಸಿದರೂ ಅದೇ ಕೈ, ಅದೇ ಲಯ ದೊರೆಯುತ್ತಿತ್ತು. ಮಡಕೆ ಮಾಡುವವರು, ನೇಯುವವರು, ಬೀಡಿ ಕಟ್ಟುವವರು, ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಹೀಗೆ ಮರುಕಳಿಸುವ ಯಾವ ಕೆಲಸವಾದರೂ ಕಲಿಯುವವನಿಗೆ ಇಷ್ಟೇ ಉದಾರವಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಎದುರಾದದ್ದು ಬೆಳಕಿನ ಪ್ರಶ್ನೆ. ಸುಲಿಯುವ ಚಪ್ಪರದಲ್ಲಿದ್ದದ್ದು ಎರಡು ಟ್ಯೂಬ್‌ಲೈಟು, ಒಂದು ಎಲ್‌ಇಡಿ ಬಲ್ಬು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆವರ್ತನದ್ದಾದ್ದರಿಂದ ಇಂಥ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ; ಕಣ್ಣಿಗೆ ಕಾಣದ ಈ ಮಿನುಗು, ಕ್ಯಾಮೆರಾದ ಶಟರ್ ವೇಗ (ಪ್ರತಿ ಚಿತ್ರಕ್ಕೆ ಬೆಳಕು ಒಳಬಿಡುವ ಅವಧಿ) ಅದಕ್ಕೆ ಹೊಂದದಿದ್ದರೆ, ಚಿತ್ರದಲ್ಲಿ ಪಟ್ಟೆಗಳಾಗಿ ಓಡಾಡುತ್ತದೆ. ಅಮೆರಿಕದ ಪಾಠಗಳಲ್ಲಿ ಹೇಳುವ ಸೆಕೆಂಡಿಗೆ 30 ಫ್ರೇಮು (ಬಿಡಿಚಿತ್ರ) ಮತ್ತು 1/60 ಸೆಕೆಂಡಿನ ಶಟರ್ ಅಲ್ಲಿನ 60 ಹರ್ಟ್ಸ್ ವಿದ್ಯುತ್ತಿಗೆ ಸರಿ. ನಮ್ಮ ಮನೆಗಳ ಒಳಗೆ ಸೆಕೆಂಡಿಗೆ 25 ಫ್ರೇಮು ಮತ್ತು 1/50 ಶಟರ್ ಇಟ್ಟುಕೊಳ್ಳುವುದು ಕ್ಷೇಮ. ಶಟರ್ ತೆರೆದಿರುವ ಅವಧಿ ಒಂದು ಫ್ರೇಮಿನ ಅವಧಿಯ ಅರ್ಧದಷ್ಟಿರಬೇಕೆಂಬ ಹಳೆಯ ನಿಯಮಕ್ಕೂ ಇದು ಹೊಂದುತ್ತದೆ, ಮತ್ತು ಬೇಗ ಚಲಿಸುವ ಕೈಯ ಸುತ್ತ ಕಣ್ಣಿಗೆ ಸಹಜವೆನಿಸುವಷ್ಟು ಮಸುಕನ್ನು ಉಳಿಸುತ್ತದೆ. ಬಿಳಿಯ ಸಮತೋಲನವನ್ನು (ವೈಟ್ ಬ್ಯಾಲೆನ್ಸ್, ಬಿಳಿಯದು ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಕೈಯಿಂದಲೇ ಒಂದು ಅಂಕಿಗೆ ನಿಲ್ಲಿಸಿದೆ. ಬಿಟ್ಟಿದ್ದರೆ ಹಸಿರು ಕಾಯಿಯ ರಾಶಿ ಚೌಕಟ್ಟಿನೊಳಗೆ ಬಂದಾಗಲೆಲ್ಲ ಮುಖಗಳ ಬಣ್ಣ ಬದಲಾಗುತ್ತಿತ್ತು, ಮತ್ತು ಹಾಗೆ ಬದಲಾದ ಶಾಟುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುವುದು ಬಹಳ ಕಷ್ಟ.

ನನ್ನಲ್ಲಿದ್ದದ್ದು ಎಪಿಎಸ್-ಸಿ ಎಂಬ ಗಾತ್ರದ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರುವ ಕಾಲೇಜಿನ ಕ್ಯಾಮೆರಾ ಮತ್ತು 50 ಮಿ.ಮೀ. ಮಸೂರ. ಎಫ್ 1.8ರಷ್ಟು (ಈ ಅಂಕಿ ಚಿಕ್ಕದಾದಷ್ಟೂ ತೆರವು ದೊಡ್ಡದು) ತೆರೆದುಕೊಳ್ಳುವ ಈ ಅಗ್ಗದ ಮಸೂರ ಕತ್ತಲಲ್ಲಿ ದೊಡ್ಡ ಆಸರೆ. ಆದರೆ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಬೆರಳಗಲವಿರುತ್ತದೆ, ಕೈ ಕತ್ತಿಯಿಂದ ಬುಟ್ಟಿಗೆ ಹೋಗುವಷ್ಟರಲ್ಲಿ ಮಸುಕಾಗಿಬಿಡುತ್ತದೆ. ಹಿನ್ನೆಲೆ ಕರಗಿದ ಚಿತ್ರ ಚೆಂದ ಕಾಣುತ್ತದೆಂದು ವಿದ್ಯಾರ್ಥಿಗಳು ಯಾವಾಗಲೂ ಮಸೂರವನ್ನು ಪೂರ್ತಿ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ. ಕೆಲಸವನ್ನು ತೋರಿಸುವ ಚಿತ್ರದಲ್ಲಿ ಆ ಕೆಲಸ ನಡೆಯುವ ಜಾಗವೂ ಕಾಣಬೇಕು. ತೆರವನ್ನು ಎಫ್ 4ಕ್ಕೆ ಕಿರಿದಾಗಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ, ಕತ್ತಿಯ ಬಾಯಿಗೆ ಕೈಯಿಂದಲೇ ಫೋಕಸ್ ಕೂಡಿಸಿ ಅಲ್ಲಿಗೇ ಬಿಟ್ಟೆ. ಐಎಸ್‌ಒ ಏರಿಸಿದ್ದರಿಂದ ಬಂದ ಕಾಳುಕಾಳಾದ ಚಿತ್ರ ಚಪ್ಪರದ ಕತ್ತಲಿಗೆ ಹೊಂದಿಕೊಂಡಿತು.

ಹಗಲಲ್ಲಿ ಚೊಗರಿನಲ್ಲಿ (ಅಡಿಕೆ ಬೇಯಿಸುವ ಒಗರು ರಸದಲ್ಲಿ) ಬೆಂದ ಅಡಿಕೆಯನ್ನು ಹರವಿದ ಜಾಗ ಪ್ರಕಾಶಮಾನವಾಗಿಯೂ, ಅದನ್ನು ಬೇಯಿಸುವ ಪಕ್ಕದ ಹಂಡೆಯ ಮನೆ ಕಗ್ಗತ್ತಲಾಗಿಯೂ ಇತ್ತು. ದೀಪ ಬಾಡಿಗೆಗೆ ತರಲು ಹಣವಿರಲಿಲ್ಲ. ಆಗ ನೆನಪಾದವರು ಛಾಯಾಗ್ರಾಹಕ ವಿ. ಕೆ. ಮೂರ್ತಿ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, ಮುಂದೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು, 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಸ್ಟುಡಿಯೋದೊಳಗೆ ತಂದದ್ದು ಕನ್ನಡಿಗಳಿಂದ ಬಿಸಿಲನ್ನು ಪ್ರತಿಫಲಿಸಿ. ನಾನು ಮನೆಯ ಬೀರುವಿನ ಕನ್ನಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಬಿಸಿಲನ್ನು ಹಂಡೆಯ ಮನೆಯ ಗೋಡೆಗೆ ಹಾಯಿಸಿದೆ. ಗೋಡೆಯ ಮೇಲೆ ಬಿಳಿಯ ಪಂಚೆ ಕಟ್ಟಿದ್ದರಿಂದ ಬೆಳಕು ಮೆತ್ತಗಾಗಿ ಉರಿ ಹಾಕುವವರ ಮುಖದ ಮೇಲೆ ಬಿತ್ತು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸುತ್ತಿರಬೇಕಾದ್ದರಿಂದ ಆ ಬೆಳಕಿನಲ್ಲಿ ದೀರ್ಘವಾದ ಶಾಟುಗಳನ್ನು ತೆಗೆಯಲಾಗುವುದಿಲ್ಲ ಎಂಬುದಷ್ಟೇ ಅದರ ಮಿತಿ.

ರಾತ್ರಿಯ ಕೆಲಸ ಹೀಗಿರುತ್ತಿತ್ತು. ಕಾರ್ಡಿನಲ್ಲಿದ್ದದ್ದನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡುವುದು. ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಹಗುರವಾದ ಪ್ರಾಕ್ಸಿ ಕಡತಗಳನ್ನು (ಸಂಕಲನದ ವೇಳೆ ಮೂಲದ ಬದಲಿಗೆ ಬಳಸುವ ನಕಲುಗಳನ್ನು) ಮಾಡಿಕೊಳ್ಳುವುದು. ಆಮೇಲೆ ಒಂದು ಕಾಯಿ ರಾಶಿಯಿಂದ ಬುಟ್ಟಿಗೆ ಹೋಗುವಷ್ಟು ಚಿಕ್ಕ ಕ್ರಿಯೆಯನ್ನು ಮೂರು ನಾಲ್ಕು ಶಾಟುಗಳಲ್ಲಿ ಕಟ್ಟಲು ಯತ್ನಿಸುವುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸುವ ಕ್ಯಾಮೆರಾ ಒಂದು ಗಂಟೆಗೆ 45 ಗಿಗಾಬೈಟ್ ಜಾಗ ತಿನ್ನುತ್ತದೆ ಎಂಬ ಲೆಕ್ಕ ಗೊತ್ತಾದ ಮೇಲೆ ಬೇಕಾದದ್ದನ್ನು ಮಾತ್ರ ತೆಗೆಯುವ ಶಿಸ್ತು ತಾನಾಗಿ ಬರುತ್ತದೆ.

ಈ ಚಿಕ್ಕ ಜೋಡಣೆಗಳೇ ನನಗೆ ಪಾಠವಾದವು. ದೂರದ ಶಾಟಿನಿಂದ ಹತ್ತಿರದ ಶಾಟಿಗೆ ಹೋಗುವಾಗ, ಚಲನೆ ಆರಂಭವಾಗುವ ಮೊದಲು ಕತ್ತರಿಸಿದರೆ ಜಿಗಿದಂತೆ ತೋರುತ್ತದೆ, ಚಲನೆ ಮುಗಿದ ಮೇಲೆ ಕತ್ತರಿಸಿದರೆ ಲಯ ಸತ್ತುಹೋಗುತ್ತದೆ. ಕೈ ಏರುತ್ತಿರುವ ನಡುವೆ ಕತ್ತರಿಸಿದರೆ ಮಾತ್ರ ಕಣ್ಣು ಕೈಯನ್ನೇ ಹಿಂಬಾಲಿಸಿ ಕತ್ತರಿಯನ್ನು ಮರೆಯುತ್ತದೆ. ಹಾಗೆ ಕತ್ತರಿಸಬೇಕಾದರೆ ಎರಡೂ ಶಾಟುಗಳಲ್ಲಿ ಪೂರ್ತಿ ಚಲನೆ ಇರಬೇಕು. ಆದ್ದರಿಂದ ಮರುದಿನದಿಂದ ಪ್ರತಿ ಶಾಟನ್ನೂ ಕ್ರಿಯೆಗೆ ಮುಂಚೆ ಮತ್ತು ಕ್ರಿಯೆಯ ಅನಂತರ ಸ್ವಲ್ಪ ಹೊತ್ತು ಹಿಡಿದು ನಿಲ್ಲುವುದನ್ನು ರೂಢಿಸಿಕೊಂಡೆ. ಇನ್ನೊಂದು, ದಿಕ್ಕಿನ ವಿಚಾರ. ಬುಟ್ಟಿಯು ಕತ್ತಿಯ ಬಲಕ್ಕಿರುವಂತೆ ಕಾಣುವ ಶಾಟಿನ ಬೆನ್ನಿಗೆ, ಎದುರು ಬದಿಯಿಂದ ತೆಗೆದ ಶಾಟನ್ನು ಇಟ್ಟರೆ ಬೇಳೆ ಎಡಕ್ಕೆ ಹಾರುತ್ತದೆ. ನೋಡುವವರಿಗೆ ಅದು ಬುಟ್ಟಿಯಿಂದ ವಾಪಸು ಬಂದಂತೆ ತೋರುತ್ತದೆ. ಕ್ರಿಯೆಯ ಉದ್ದಕ್ಕೆ ಒಂದು ಗೆರೆ ಇದೆಯೆಂದು ಭಾವಿಸಿ ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡಬೇಕೆಂಬ, 180 ಡಿಗ್ರಿಯ ರೇಖೆ ಎಂದು ಪಠ್ಯಗಳಲ್ಲಿ ಓದಿದ್ದ ನಿಯಮದ ಅರ್ಥ ನನಗೆ ತೆರೆದುಕೊಂಡದ್ದು ಆ ಬೇಳೆಯ ಹಾರಾಟದಲ್ಲಿ. ಸುಲಿಯುವವರು ವರ್ತುಲವಾಗಿ ಕುಳಿತಾಗ ರೇಖೆ ಯಾವುದೆಂದು ಹೇಳುವುದೇ ಕಷ್ಟ. ಅಂಥಲ್ಲಿ ಮಾತನಾಡುತ್ತಿರುವ ಇಬ್ಬರನ್ನು ಆರಿಸಿ, ಅವರ ನೋಟವನ್ನೇ ರೇಖೆಯೆಂದು ಇಟ್ಟುಕೊಂಡು, ಆ ಸಂಜೆಯ ಮಟ್ಟಿಗೆ ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಉಳಿಸಿದೆ.

ಸದ್ದಿನ ಬಗ್ಗೆ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿದ್ಯಾರ್ಥಿಗಳ ಚಿತ್ರಗಳು ಸೋಲುವುದು ಹೆಚ್ಚಾಗಿ ಕಿವಿಯಲ್ಲಿ. ಸುಲಿಯುವ ಚಪ್ಪರದಲ್ಲಿ ಮಾತು ನಿಲ್ಲುವುದೇ ಇಲ್ಲ: ಊರ ಸುದ್ದಿ, ಮಗಳ ಮದುವೆ, ಮಂಗನ ಕಾಟ, ಅಡಿಕೆಯ ಧಾರಣೆ. ಆ ಮಾತಿನ ಅಡಿಯಲ್ಲಿ ಹತ್ತಾರು ಕತ್ತಿಗಳ ಟಕಟಕ ಸದ್ದು ಹರಿಯುತ್ತಿರುತ್ತದೆ. ಮಾತಿನ ನಡುವಿನಿಂದ ಒಂದು ವಾಕ್ಯ ತೆಗೆದರೆ ಕತ್ತಿಯ ಲಯವೂ ತುಂಡಾಗಿ, ಕತ್ತರಿ ಹಾಕಿದ ಜಾಗ ಕೂಡಲೇ ಗೊತ್ತಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ಮಾತನಾಡುವವರ ಸೆರಗಿನ ಬಳಿ ಚಿಕ್ಕ ಕಾಲರ್ ಮೈಕ್ ಸಿಕ್ಕಿಸಿ ಮಾತನ್ನು ಹತ್ತಿರದಿಂದ ಹಿಡಿಯುವುದು, ಮತ್ತು ಎಲ್ಲರೂ ಮೌನವಾಗಿ ಸುಲಿಯುವ ಹೊತ್ತು ನೋಡಿ ಪ್ರತ್ಯೇಕ ರೆಕಾರ್ಡರಿನಲ್ಲಿ ಕತ್ತಿಗಳ ಸದ್ದನ್ನಷ್ಟೇ ದೀರ್ಘವಾಗಿ ದಾಖಲಿಸುವುದು. ಸಂಕಲನದಲ್ಲಿ ಈ ಎರಡನೆಯ ಸದ್ದನ್ನು ಇಡೀ ದೃಶ್ಯದ ಕೆಳಗೆ ಅಖಂಡವಾಗಿ ಹಾಸಿದರೆ ಮೇಲಿನ ಮಾತನ್ನು ಬೇಕಾದಲ್ಲಿ ಕತ್ತರಿಸಬಹುದು. ಶಾಟು ಬದಲಾಗುವ ಮೊದಲೇ ಮುಂದಿನ ದೃಶ್ಯದ ಸದ್ದನ್ನು ಆರಂಭಿಸುವ ಜೆ-ಕಟ್, ಹಿಂದಿನ ಸದ್ದನ್ನು ಮುಂದಿನ ಚಿತ್ರದ ಮೇಲೂ ಉಳಿಸುವ ಎಲ್-ಕಟ್, ಇವೆರಡೂ ಇಂಥ ಹಾಸು ಇದ್ದಾಗ ಮಾತ್ರ ನಯವಾಗಿ ಕೂರುತ್ತವೆ. ತೋಟದಲ್ಲಿ ಕೊನೆಗಾರ ಮರದ ತುದಿಯಿಂದ ಹಗ್ಗದ ಮೇಲೆ ಗೊನೆ ಜಾರಿಸುವ ಶಾಟಿನ ಕೊನೆಯಲ್ಲಿ ಕತ್ತಿಯ ಸದ್ದು ಮೆಲ್ಲಗೆ ಏರುವಂತೆ ಮಾಡಿದಾಗ, ಹಗಲಿನಿಂದ ರಾತ್ರಿಗೆ ಹೋಗಲು ಬೇರೆ ಯಾವ ಶಾಟೂ ಬೇಕಾಗಲಿಲ್ಲ.

ಇನ್ನೊಂದು ವಿಷಯ ತಂತ್ರವನ್ನು ಮೀರಿದ್ದು. ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ನಟನೊಬ್ಬನ ಒಂದೇ ನಿರ್ಭಾವದ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮೊದಲಾದವುಗಳ ಪಕ್ಕದಲ್ಲಿಟ್ಟು, ನೋಡುವವರು ಆ ಮುಖದಲ್ಲಿ ಬೇರೆ ಬೇರೆ ಭಾವ ಕಾಣುತ್ತಾರೆಂದು ತೋರಿಸಿದ್ದನ್ನು ಚಲನಚಿತ್ರದ ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ನನ್ನ ಟೈಮ್‌ಲೈನಿನಲ್ಲಿ ಒಂದು ರಾತ್ರಿ, ಸುಲಿಯುತ್ತಿದ್ದ ಹಿರಿಯ ಹೆಂಗಸೊಬ್ಬರ ದಣಿದ ಮುಖದ ಬೆನ್ನಿಗೆ, ಯಜಮಾನರು ಡಬ್ಬದ ಲೆಕ್ಕ ಬರೆಯುವ ಶಾಟು ಬಂದು ಕುಳಿತಿತು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುವುದು ಅಲ್ಲಿನ ಪದ್ಧತಿ. ಆ ಎರಡು ಶಾಟುಗಳು ಒಟ್ಟಿಗೆ ಸೇರಿದಾಗ ಆ ಮುಖದಲ್ಲಿ ಅಸಮಾಧಾನ ಕುದಿಯುತ್ತಿರುವಂತೆ ಕಂಡಿತು. ನೋಡಲು ಅದು ಬಲವಾದ ಜೋಡಣೆಯೇ. ಆದರೆ ಆಕೆ ಆ ಕ್ಷಣದಲ್ಲಿ ನೋಡುತ್ತಿದ್ದದ್ದು ಮಲಗಿದ್ದ ಮೊಮ್ಮಗುವನ್ನು. ಲೆಕ್ಕ ಬರೆದದ್ದು ಬೇರೊಂದು ದಿನ. ಕೂಲಿಯ ಬಗ್ಗೆ ಆಕೆಗೆ ಹೇಳುವುದಿದ್ದರೆ ಅದನ್ನು ಆಕೆಯೇ ಹೇಳಬೇಕು, ನನ್ನ ಕತ್ತರಿ ಆಕೆಯ ಮುಖದ ಮೇಲೆ ಬರೆಯಬಾರದು. ಆ ಜೋಡಣೆಯನ್ನು ತೆಗೆದು, ಮರುದಿನ ಕೂಲಿಯ ಬಗ್ಗೆ ನೇರವಾಗಿಯೇ ಕೇಳಿ, ಅವರು ಕೊಟ್ಟ ಉತ್ತರವನ್ನು ಇಡಿಯಾಗಿ, ನಡುವೆ ಕತ್ತರಿಸದೆ ಚಿತ್ರದಲ್ಲಿ ಇರಿಸಿದೆ. ನಿಜವಾದ ಮನುಷ್ಯರನ್ನು ಚಿತ್ರೀಕರಿಸುವವರು ಈ ಎಚ್ಚರವನ್ನು ಫೋಕಸ್ ಕೂಡಿಸುವುದಕ್ಕಿಂತ ಮೊದಲೇ ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಕರಡು ಪ್ರತಿ ಸಿದ್ಧವಾದಾಗ ಅದೇ ಚಪ್ಪರದಲ್ಲಿ, ಗೋಡೆಗೆ ಪಂಚೆ ಕಟ್ಟಿ, ಸುಲಿಯುವವರಿಗೆಲ್ಲ ತೋರಿಸಿದೆ. ತೆಗೆಸಬೇಕಾದ ಮಾತು ಯಾವುದಾದರೂ ಇದ್ದರೆ ಹೇಳಲಿ ಎಂಬುದು ಉದ್ದೇಶವಾಗಿತ್ತು. ಮನೆಯೊಳಗಿನ ವಿಚಾರದ ಒಂದೆರಡು ಮಾತುಗಳನ್ನು ಅವರು ತೆಗೆಸಿದರು ಕೂಡ. ಅದರ ಜೊತೆಗೆ ನಾನು ನಿರೀಕ್ಷಿಸದ ಸಂಕಲನದ ಪಾಠವೊಂದು ದೊರೆಯಿತು. ‘ತಮ್ಮಾ, ರಾಶಿ ಕರಗಿದ್ದು ಮತ್ತೆ ಹ್ಯಾಗೆ ಬೆಳೀತು?’ ಎಂದು ಒಬ್ಬರು ಕೇಳಿದರು. ಬೇರೆ ಬೇರೆ ಸಂಜೆಗಳ ಶಾಟುಗಳನ್ನು ಕೈಯ ಚಲನೆ ಹೊಂದುವುದನ್ನಷ್ಟೇ ನೋಡಿ ಜೋಡಿಸಿದ್ದರಿಂದ, ಹಿಂದಿನ ರಾಶಿ ಏರುತ್ತ ಇಳಿಯುತ್ತ ಇತ್ತು. ನನ್ನ ಸಹಪಾಠಿಗಳ ಕಣ್ಣು ಕೈಯ ಮೇಲಿತ್ತು, ಸುಲಿಯುವವರ ಕಣ್ಣು ರಾಶಿಯ ಮೇಲಿತ್ತು, ಏಕೆಂದರೆ ಇನ್ನೆಷ್ಟು ಹೊತ್ತು ಕೂರಬೇಕೆಂದು ಅವರಿಗೆ ಹೇಳುವುದು ಆ ರಾಶಿಯೇ. ಆ ಭಾಗದ ಶಾಟುಗಳನ್ನೆಲ್ಲ ರಾಶಿಯ ಎತ್ತರಕ್ಕೆ ಅನುಸಾರವಾಗಿ ಮತ್ತೆ ಜೋಡಿಸಿದೆ. ಒಂದೆರಡು ಕಡೆ ಚಲನೆಯ ಹೊಂದಿಕೆ ಸಡಿಲವಾಯಿತಾದರೂ ರಾತ್ರಿ ಮುಂದೆ ಸಾಗುತ್ತಿರುವ ಭಾವ ಚಿತ್ರಕ್ಕೆ ಬಂದದ್ದು ಆ ಮರುಜೋಡಣೆಯಿಂದ.

ಬಣ್ಣ ತಿದ್ದುವ ಕೆಲಸವನ್ನು ಚುಟುಕಾಗಿ ಮುಗಿಸಿದೆ. ಬಿಳಿಯ ಸಮತೋಲನ ಮೊದಲೇ ನಿಂತಿದ್ದರಿಂದ ಹೆಚ್ಚೇನೂ ಉಳಿದಿರಲಿಲ್ಲ. ಸದ್ದಿನ ಮಟ್ಟವನ್ನು ಮಾತ್ರ ಹೆಡ್‌ಫೋನಿನಲ್ಲಿ ಒಮ್ಮೆ, ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ ಹೊಂದಿಸಿದೆ. ಹೆಡ್‌ಫೋನಿನಲ್ಲಿ ತುಂಬಿಕೊಂಡು ಕೇಳುವ ಹಂಡೆಯ ಕುದಿತ ಮೊಬೈಲಿನಲ್ಲಿ ಪೂರ್ತಿ ಕಾಣೆಯಾಗುತ್ತದೆ, ಕತ್ತಿಯ ಟಕಟಕ ಮಾತ್ರ ಚುಚ್ಚುವಷ್ಟು ಮುಂದೆ ಬರುತ್ತದೆ. ಸುಲಿಯುವವರು ಮತ್ತು ಅವರ ಮಕ್ಕಳು ಈ ಚಿತ್ರವನ್ನು ನೋಡುವುದು ಮೊಬೈಲಿನಲ್ಲೇ ಆದ್ದರಿಂದ, ಕತ್ತಿಯ ಸದ್ದನ್ನು ತಗ್ಗಿಸಿದ ಪ್ರತಿಯೊಂದನ್ನು ಅವರಿಗಾಗಿ ಬೇರೆಯಾಗಿ ಮಾಡಿಕೊಟ್ಟೆ.