ಪೈಥಾನ್ ಬ್ಯಾಕ್‌ಸ್ಲ್ಯಾಷ್ ನಿಯಮ ಬಿಗಿ ಮಾಡಿದಾಗ ಹಳೆ ಕೋಡ್ ಸರಿಪಡಿಸಿದ ಬಗೆ

ಸ್ಟ್ರಿಂಗ್ (ಕೋಟ್ ನಡುವಿನ ಪಠ್ಯ) ಒಳಗೆ ಬ್ಯಾಕ್‌ಸ್ಲ್ಯಾಷ್-ಡಿ ಥರದ, ಭಾಷೆಗೆ ಅರ್ಥವಿಲ್ಲದ ಜೋಡಿ ಬಂದರೆ ಪೈಥಾನ್ ಮೊದಲೆಲ್ಲ ಸುಮ್ಮನೆ ಹಾಗೇ ಬಿಡುತ್ತಿತ್ತು. 2016ರ 3.6 ಆವೃತ್ತಿಯಲ್ಲಿ ಡೆಪ್ರಿಕೇಶನ್ ವಾರ್ನಿಂಗ್ (ಇದು ಮುಂದೆ ನಡೆಯದು ಎಂಬ ಎಚ್ಚರಿಕೆ) ಬಂತು. ಇಂಪೋರ್ಟ್ ಆದ ಫೈಲ್‌ಗಳಲ್ಲಿ ಅದು ತಾನಾಗಿ ಕಾಣುತ್ತಿರಲಿಲ್ಲ, ಹಾಗಾಗಿ ಲೆಕ್ಕಕ್ಕೂ ಬರಲಿಲ್ಲ. 2023ರ 3.12ರಲ್ಲಿ ಅದೇ ಸಿಂಟ್ಯಾಕ್ಸ್ ವಾರ್ನಿಂಗ್ ಆಗಿ ಎದುರಿಗೇ ನಿಂತಿತು. ಮುಂದೆ ಎರರ್ ಮಾಡುವ ಉದ್ದೇಶವಿದೆ. (ಇನ್ನು ಮುಂದೆ ಬರೀ ‘ಸ್ಲ್ಯಾಷ್’ ಎಂದರೂ ಬ್ಯಾಕ್‌ಸ್ಲ್ಯಾಷೇ.)

ಹುಡುಕುವಾಗ ಮೊದಲು ದಾರಿ ತಪ್ಪಿಸುವುದು ಪಿವೈಸಿ ಕ್ಯಾಶ್, ಅಂದರೆ ಒಮ್ಮೆ ಕಂಪೈಲ್ ಮಾಡಿ ಪೈಥಾನ್ ಉಳಿಸಿಕೊಂಡ ಪ್ರತಿ. ಈ ವಾರ್ನಿಂಗ್ ಬರುವುದು ಕಂಪೈಲ್ ಆಗುವಾಗ ಮಾತ್ರ. ಎರಡನೇ ಸಲ ಓಡಿಸಿದರೆ ಸದ್ದಿಲ್ಲ, ಸರಿಹೋಯಿತೆಂದು ಭ್ರಮೆ. ಅದಕ್ಕೇ ಕಂಪೈಲ್‌ಆಲ್ ಮಾಡ್ಯೂಲನ್ನು ಹೈಫನ್-ಎಫ್ ಕೊಟ್ಟು ಓಡಿಸುತ್ತೇನೆ, ಕ್ಯಾಶ್ ಇದ್ದರೂ ಎಲ್ಲ ಫೈಲ್ ಮತ್ತೆ ಕಂಪೈಲ್ ಆಗುತ್ತವೆ. ಜೊತೆಗೆ ಇಂಟರ್‌ಪ್ರೆಟರ್‌ಗೆ ಹೈಫನ್, ದೊಡ್ಡ ಡಬ್ಲ್ಯು, ಎರರ್. ಆಗ ವಾರ್ನಿಂಗೇ ಎರರ್ ಆಗಿ ಬಿಲ್ಡ್ ಬೀಳುತ್ತದೆ.

ತಿದ್ದುವ ಕೆಲಸ ರಫ್ ಎಂಬ ಲಿಂಟರ್‌ನ (ಕೋಡಿನ ತಪ್ಪು ಹುಡುಕುವ ಸಾಧನ) ಡಬ್ಲ್ಯು605 ನಿಯಮವೇ ಮಾಡುತ್ತದೆ, ಆದರೆ ಕಣ್ಣುಮುಚ್ಚಿ ನಂಬಬೇಡಿ. ಸ್ಟ್ರಿಂಗ್‌ನಲ್ಲಿ ಸರಿಯಾದ ಎಸ್ಕೇಪ್ (ಭಾಷೆಗೆ ಅರ್ಥವಿರುವ ಸ್ಲ್ಯಾಷ್ ಜೋಡಿ) ಒಂದೂ ಇಲ್ಲದಿದ್ದರೆ ಮುಂದೆ ಆರ್ ಹಾಕಿ, ಸ್ಲ್ಯಾಷ್ ಬರೀ ಅಕ್ಷರವಾಗಿಯೇ ಉಳಿಯುವ ರಾ ಸ್ಟ್ರಿಂಗ್ ಮಾಡುತ್ತದೆ. ಒಂದಾದರೂ ಇದ್ದರೆ, ತಪ್ಪಿದ್ದ ಕಡೆ ಮಾತ್ರ ಇನ್ನೊಂದು ಸ್ಲ್ಯಾಷ್ ಸೇರಿಸುತ್ತದೆ. ರೆಜೆಕ್ಸ್‌ನಲ್ಲಿ (ಪಠ್ಯದ ಮಾದರಿ ಹುಡುಕುವ ಬರಹ) ಪದದ ಅಂಚು ಎಂದು ಬರೆದ ಸ್ಲ್ಯಾಷ್-ಬಿ, ಸಾದಾ ಸ್ಟ್ರಿಂಗ್‌ನಲ್ಲಿ ಬ್ಯಾಕ್‌ಸ್ಪೇಸ್ ಅಕ್ಷರ. ಅದು ‘ಸರಿಯಾದ’ ಎಸ್ಕೇಪ್, ಹಾಗಾಗಿ ವಾರ್ನಿಂಗ್ ಇಲ್ಲ, ತಿದ್ದುಪಡಿಯಾದ ಮೇಲೂ ಹಾಗೇ ಉಳಿಯುತ್ತದೆ. ರೆಜೆಕ್ಸ್‌ನ ಬದಲಿ ಪಠ್ಯದಲ್ಲಿ ಬರುವ ಸ್ಲ್ಯಾಷ್-1 ಕೂಡ ಹೀಗೇ: ಮಾದರಿಗೆ ಹೊಂದಿದ ಮೊದಲ ಗುಂಪಲ್ಲ, ಕೋಡ್ 1ರ ಕಂಟ್ರೋಲ್ ಅಕ್ಷರ. ಇವೆರಡನ್ನು ಗ್ರೆಪ್‌ನಿಂದ (ಫೈಲ್‌ಗಳಲ್ಲಿ ಪಠ್ಯ ಹುಡುಕುವ ಸಾಧನ) ಹೆಕ್ಕಿ ಕೈಯಲ್ಲೇ ತಿದ್ದುವುದು ಒಳ್ಳೆಯದು.

ಎಲ್ಲಕ್ಕೂ ಆರ್ ಅಂಟಿಸುವುದೂ ತಪ್ಪೇ. ಪ್ರಿಂಟ್ ಮಾಡುವ ಸಂದೇಶದ ಸ್ಲ್ಯಾಷ್-ಎನ್ ಹೊಸ ಸಾಲಾಗದೆ ಎರಡು ಅಕ್ಷರವಾಗಿ ಕಾಣುತ್ತದೆ. ಕೊನೆಗೆ ಒಂಟಿ ಸ್ಲ್ಯಾಷ್ ಇರುವ ವಿಂಡೋಸ್ ಪಾತ್ ರಾ ಸ್ಟ್ರಿಂಗ್ ಆಗುವುದೇ ಇಲ್ಲ, ಕೋಟ್ ಮುಚ್ಚುವುದಿಲ್ಲ. ಅಲ್ಲಿ ಪಾತ್‌ಗಳಿಗೆಂದೇ ಇರುವ ಪಾತ್‌ಲಿಬ್ ಮಾಡ್ಯೂಲ್ ಬಳಸಿ. ಆದರೆ ಡಾಕ್‌ಸ್ಟ್ರಿಂಗ್‌ನಲ್ಲಿ (ಕೋಡಿನ ಒಳಗಿನ ವಿವರಣೆ) ಲೇಟೆಕ್ ಗಣಿತ ಬರಹ ಇದ್ದರೆ ನೇರ ಆರ್ ಹಾಕಿ. ಇಲ್ಲದಿದ್ದರೆ ಸ್ಲ್ಯಾಷ್-ಟಿ ಟ್ಯಾಬ್ ಆಗಿ, ಥೀಟಾದ ಮೊದಲಕ್ಷರವನ್ನು ನುಂಗಿರುತ್ತದೆ.

ಇಷ್ಟು ಕೆಲಸ ಕೊಟ್ಟರೂ ಬಿಗಿ ಮಾಡಿದ್ದು ಸರಿಯೆಂದೇ ನನ್ನ ಲೆಕ್ಕ. ಅರ್ಥವಿಲ್ಲದ ಜೋಡಿಗೆ ನಾಳೆ ಅರ್ಥ ಬಂದರೆ ಹಳೆ ಕೋಡ್ ಕೆಡುತ್ತದೆ. ಪೈಥಾನ್ 2ರಲ್ಲಿ ನಡೆಯುತ್ತಿದ್ದ, ಸಾದಾ ಸ್ಟ್ರಿಂಗ್‌ನ ‘ಸಿ: ಸ್ಲ್ಯಾಷ್ ಯೂಸರ್ಸ್’ ಪಾತ್ 3ರಲ್ಲಿ ಸಿಂಟ್ಯಾಕ್ಸ್ ಎರರ್ ಆದದ್ದು ಹಾಗೆಯೇ: ದೊಡ್ಡ ಯು ಅಲ್ಲಿ ಯೂನಿಕೋಡ್ ಎಸ್ಕೇಪ್, ಅದರ ನಂತರ ಎಂಟು ಹೆಕ್ಸ್ ಅಂಕಿ ಬೇಕು.